ದನ ತಿನ್ನದ ಮರ

‘ಆಡು ಮುಟ್ಟದ ಸೊಪ್ಪಿಲ್ಲ’ ಎನ್ನುವ ಗಾದೆಯನ್ನು ನಾವು ಕನ್ನಡಿಗರು ಸನ್ಮಾನ ಸಮಾರಂಭಗಳಿಗೆ ಮೀಸಲಿಟ್ಟುಬಿಟ್ಟಿದ್ದೇವೆ. ಕಥೆ, ಕವನ, ನಾಟಕ, ವಿಮರ್ಶೆ ಎಲ್ಲಕ್ಕೂ ಕೈಹಾಕಿದ ಹಿರಿಯರೊಬ್ಬರು ವೇದಿಕೆಯ ಮೇಲಿದ್ದರೆ ನಿರೂಪಕರ ಬಾಯಲ್ಲಿ ಅದು ಬಂದೇ ಬರುತ್ತದೆ. ಗಾದೆಯೊಳಗಿನ ಆಡನ್ನಾಗಲೀ ಸೊಪ್ಪನ್ನಾಗಲೀ ಯಾರೂ ನೆನೆಯುವುದಿಲ್ಲ. ನೆನೆದರೆ ಅದು ಪೂರ್ತಿ ನಿಜವಲ್ಲ ಎಂದು ತಿಳಿಯುತ್ತದೆ. ಆಡು ಮುಟ್ಟದ ಸೊಪ್ಪು ಇದೆ. ಬೇಲಿಯಲ್ಲಿ ಬೆಳೆಯುವ ಆಡುಸೋಗೆಯನ್ನು ಅದು ಮೂಸಿ ನೋಡಿ ಮುಂದೆ ಹೋಗುತ್ತದೆ. ಕೆಮ್ಮಿಗೆ ಕಷಾಯ ಕಾಯಿಸುವ ನಮಗೆ ಬೇಕಾದ ಗಿಡ ಅದು, ಆಡಿಗೆ ಬೇಡ. ಇನ್ನೊಂದು ನೀಲಗಿರಿ.

ನಾನು ಬರೆಯಹೊರಟಿರುವುದು ಈ ಎರಡನೆಯದರ ಬಗ್ಗೆ, ಅದರ ಬೆನ್ನಿಗೆ ಬಂದ ತಮ್ಮಂದಿರ ಬಗ್ಗೆ. ಕಳೆದ ನಲವತ್ತು ವರ್ಷಗಳಲ್ಲಿ ಕರ್ನಾಟಕದ ಗೋಮಾಳಗಳಲ್ಲಿ, ಊರ ಮುಂದಿನ ಬೀಳುಗಳಲ್ಲಿ, ರಸ್ತೆಯ ಇಕ್ಕೆಲಗಳಲ್ಲಿ ‘ದನ ತಿನ್ನುವುದಿಲ್ಲ’ ಎಂಬುದನ್ನೇ ದೊಡ್ಡ ಯೋಗ್ಯತೆ ಎಂದು ಎಣಿಸಿ ಮರಗಳನ್ನು ಆರಿಸಿ ನೆಟ್ಟಿದ್ದೇವೆ. ಸರಕಾರ ನೆಟ್ಟಿತು, ಕಂಪನಿಗಳು ನೆಟ್ಟವು, ಈಗ ಹೊರದೇಶದಲ್ಲಿರುವ ನಾವು ಡಾಲರು, ಪೌಂಡು, ದಿರ್ಹಮ್ ಕಳಿಸಿ ನೆಡಿಸುತ್ತಿದ್ದೇವೆ. ಇದನ್ನು ಹಸಿರು ಸೇವೆ ಎಂದು ಕರೆದುಕೊಳ್ಳುತ್ತೇವೆ. ನಾನು ಇದನ್ನು ಬಡವರ ಜೇಬಿಗೆ ಕೈಹಾಕುವುದು ಎಂದು ಕರೆಯುತ್ತೇನೆ. ಹಾಗೆ ಕರೆಯಲು ಕಾರಣಗಳಿವೆ. ಅವು ಭಾವನೆಯವಲ್ಲ, ಲೆಕ್ಕದವು.

ನಾನು ಬಿ.ಕಾಂ. ಓದಿ ಸಿ.ಎ. ಮಾಡಿದವನು. ಸಸ್ಯಶಾಸ್ತ್ರ ಕಲಿತವನಲ್ಲ. ಬ್ರಿಸ್ಬೇನ್‌ನಲ್ಲಿ ಕೂತು ಮಧ್ಯ ಕ್ವೀನ್ಸ್‌ಲ್ಯಾಂಡಿನ ದನ ಸಾಕಣೆಗಾರರ ಪುಸ್ತಕ ನೋಡುವುದು ನನ್ನ ಹೊಟ್ಟೆಪಾಡು. ಊರು ಶಿರಾ ಕಡೆ. ಮೇಕೆ ಕಾಯ್ದವನಲ್ಲ, ಆದರೆ ಅಜ್ಜಿ ಮೇಕೆ ಮಾರಿ ಕೊಟ್ಟ ದುಡ್ಡಿನಲ್ಲಿ ಕಾಲೇಜಿನ ಫೀಸು ಕಟ್ಟಿದವನು. ಆ ಮೇಕೆಗಳಿಗೆ ಅಜ್ಜಿ ಒಂದು ದಿನವೂ ಮೇವು ಕೊಂಡವಳಲ್ಲ. ಬೇಸಗೆಯಲ್ಲಿ ಹುಲ್ಲು ಸುಟ್ಟು ಬೂದಿಯಾದ ಮೇಲೂ ಅವು ಬದುಕುತ್ತಿದ್ದವು. ಗಳುವಿನ ತುದಿಗೆ ಕುಡುಗೋಲು ಕಟ್ಟಿ ಅವಳು ಇಳಿಸುತ್ತಿದ್ದ ಬೇವು, ಅತ್ತಿ, ಬಸರಿ ಸೊಪ್ಪಿನಿಂದ. ಕರಿಜಾಲಿಯ ಮರ ಅಲುಗಿಸಿದರೆ ಉದುರುತ್ತಿದ್ದ, ಮಣಿ ಪೋಣಿಸಿದಂತಿರುವ ಕಾಯಿಗಳಿಂದ. ಬೇಲಿಯ ಎಲಚಿ, ಕಾರೆಗಳಿಂದ. ಆ ಸೊಪ್ಪು ಯಾವ ಪುಸ್ತಕದಲ್ಲೂ ಜಮಾ ಆಗಲಿಲ್ಲ, ಖರ್ಚೂ ಆಗಲಿಲ್ಲ. ಲೆಕ್ಕಕ್ಕೆ ಸಿಗದ ವಸ್ತುವನ್ನು ಇಲ್ಲ ಎಂದು ತಿಳಿಯುವುದು ನಮ್ಮ ವೃತ್ತಿಯ ಹಳೆಯ ಕಾಯಿಲೆ. ಆ ಕಾಯಿಲೆ ನಮ್ಮಿಂದ ಸರಕಾರಕ್ಕೆ ಹತ್ತಿತೋ, ಸರಕಾರದಿಂದ ನಮಗೆ ಹತ್ತಿತೋ ಗೊತ್ತಿಲ್ಲ.

ಮೊದಲು ಆ ಸೊಪ್ಪಿನ ಬೆಲೆ ಎಷ್ಟು ಎಂದು ನೋಡೋಣ. ಮೂವತ್ತು ಕೆ.ಜಿ. ತೂಗುವ ಮೇಕೆಗೆ ದಿನಕ್ಕೆ ಸುಮಾರು ಒಂದು ಕೆ.ಜಿ. ಒಣ ಆಹಾರ ಬೇಕು. ಹಸಿ ಸೊಪ್ಪಿನ ಲೆಕ್ಕದಲ್ಲಿ ಮೂರು ಕೆ.ಜಿ.ಗೆ ಕಡಿಮೆಯಿಲ್ಲ. ಹತ್ತು ಮೇಕೆಯ ಒಂದು ಮನೆಗೆ ವರ್ಷಕ್ಕೆ 10,950 ಕೆ.ಜಿ. ಕೆ.ಜಿ.ಗೆ ಮೂರು ರೂಪಾಯಿ ಎಂದು ಹಿಡಿಯಿರಿ, 32,850 ರೂಪಾಯಿ ಆಯಿತು. ಮೂರು ರೂಪಾಯಿ ಎಲ್ಲಿಂದ ತಂದೆ ಎಂದು ಕೇಳುವವರು ಬಕ್ರೀದಿಗೆ ಮುಂಚಿನ ವಾರ ಬೆಂಗಳೂರಿನ ಬೀದಿಗಳಲ್ಲಿ ಓಡಾಡಿ ಬರಲಿ. ಫುಟ್‌ಪಾತಿನ ಮೇಲೆ ಹಲಸಿನ ಸೊಪ್ಪಿನ ಕಟ್ಟುಗಳು ಮಾರಾಟಕ್ಕಿರುತ್ತವೆ. ಮೂರು ರೂಪಾಯಿಗೆ ಕೆ.ಜಿ. ಕೊಡಿ ಎಂದು ಕೇಳಿ ನೋಡಲಿ. ಸೊಪ್ಪಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ಊರಿನಲ್ಲಿ ಅದು ಪುಕ್ಕಟೆ ಸಿಗುತ್ತಿತ್ತು ಅಷ್ಟೆ. ಪುಕ್ಕಟೆ ಸಿಗುವುದಕ್ಕೆ ಬೆಲೆಯಿಲ್ಲ ಎನ್ನುವವರು ತಮ್ಮ ಮನೆಯ ತಾಯಂದಿರ ಅಡುಗೆಗೂ ಬೆಲೆಯಿಲ್ಲ ಎಂದಾರು.

ಗುಣದ ಮಾತು ಬೇರೆ. ರಾಗಿ ಹುಲ್ಲಿನಲ್ಲಿ, ಭತ್ತದ ಹುಲ್ಲಿನಲ್ಲಿ ಕಚ್ಚಾ ಪ್ರೋಟೀನು ಒಣ ತೂಕದ ಶೇಕಡ ಮೂರರಿಂದ ಐದರ ಆಸುಪಾಸು. ಅಗಸೆ, ಗ್ಲಿರಿಸಿಡಿಯಾ, ಸುಬಾಬುಲ್ ಸೊಪ್ಪಿನಲ್ಲಿ ಅದು ಶೇಕಡ ಇಪ್ಪತ್ತರ ಸುತ್ತಮುತ್ತ. ಮರದ ಬೇರು ಆಳಕ್ಕೆ ಇಳಿಯುವುದರಿಂದ ಮಾರ್ಚಿ, ಏಪ್ರಿಲ್‌ನಲ್ಲೂ ಹಸಿರಿರುತ್ತದೆ. ಅಂದರೆ ಯಾವಾಗ ಹುಲ್ಲು ಇರುವುದಿಲ್ಲವೋ ಆಗ ಸೊಪ್ಪು ಇರುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಇದು ಓವರ್‌ಡ್ರಾಫ್ಟ್ ಸೌಲಭ್ಯ. ಬರಗಾಲದಲ್ಲೂ ಸಿಗುವ ಒಂದೇ ಓವರ್‌ಡ್ರಾಫ್ಟು.

ಇದನ್ನು ನಾವು ಏನು ಮಾಡಿದೆವು? ನೀಲಗಿರಿ ಹೊಸದಲ್ಲ. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ಅದರ ಬೀಜ ನಂದಿಬೆಟ್ಟಕ್ಕೆ ಬಂದು ಕಾಲಾಂತರದಲ್ಲಿ ‘ಮೈಸೂರು ಗಮ್’ ಎಂಬ ಹೆಸರು ಪಡೆಯಿತು. ಆಸ್ಟ್ರೇಲಿಯದ ಗಿಡಕ್ಕೆ ಮೈಸೂರಿನ ಹೆಸರು! ಇಲ್ಲಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಆದರೆ ಅದು ನಮ್ಮ ಹೊಲ, ಗೋಮಾಳಗಳನ್ನು ಸಾರಾಸಗಟಾಗಿ ನುಂಗಿದ್ದು 1980ರ ದಶಕದಲ್ಲಿ. ವಿಶ್ವಬ್ಯಾಂಕು ಮತ್ತು ಬ್ರಿಟನ್ನಿನ ನೆರವಿನಿಂದ 1983ರಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು. ಸೌದೆ, ಮೇವು, ಸಣ್ಣಪುಟ್ಟ ಮರಮುಟ್ಟು ಊರಿಗೆ ಸಿಗಬೇಕು ಎಂಬುದು ಅದರ ಘೋಷಣೆ. ಕೋಲಾರದ ಹೊಲಗಳಲ್ಲಿ ಎದ್ದದ್ದು ಮಾತ್ರ ನೀಲಗಿರಿ. ಸಾಲಿನ ಮೇಲೆ ಸಾಲು, ಸೈನ್ಯ ನಿಂತ ಹಾಗೆ. ಸೌದೆ ಏನೋ ಸಿಕ್ಕಿತು, ಕಾಗದದ ಕಾರ್ಖಾನೆಗೆ ದಿಮ್ಮಿಯೂ ಸಿಕ್ಕಿತು. ಮೇವು ಎಂಬ ಪದ ಮುದ್ರಿತ ಪುಸ್ತಕದಲ್ಲೇ ಉಳಿಯಿತು.

ಯಾಕೆ ನೀಲಗಿರಿ ಎಂದರೆ ಬೇಗ ಬೆಳೆಯುತ್ತದೆ, ಕಡಿದರೆ ಮತ್ತೆ ಚಿಗುರುತ್ತದೆ, ಕೂಲಿ ಬೇಡ. ಇವುಗಳ ಜೊತೆಗೆ ಇನ್ನೊಂದು: ದನ, ಮೇಕೆ ಬಾಯಿ ಹಾಕುವುದಿಲ್ಲ, ಬೇಲಿ, ಕಾವಲುಗಾರನ ಸಂಬಳ ಉಳಿಯಿತು. ಕಾಸ್ಟ್ ಅಕೌಂಟಿಂಗ್ ಓದಿದ ಯಾರಿಗಾದರೂ ಇದು ಜಾಣ ತೀರ್ಮಾನ ಎನಿಸುತ್ತದೆ. ಅದರ ಇನ್ನೊಂದು ಬದಿಯನ್ನು ಓದಿ. ಮೇಕೆ ತಿನ್ನದ ಮರವನ್ನು ಮೇಕೆ ಮೇಯುವ ಜಾಗದಲ್ಲೇ ನೆಟ್ಟರೆ ಕಾವಲಿನ ಖರ್ಚು ಮಾಯವಾಗುವುದಿಲ್ಲ, ಇಲಾಖೆಯ ಪುಸ್ತಕದಿಂದ ಅಜ್ಜಿಯ ಪುಸ್ತಕಕ್ಕೆ ವರ್ಗವಾಗುತ್ತದೆ. ಅಜ್ಜಿಗೆ ಪುಸ್ತಕವಿಲ್ಲವಾದ್ದರಿಂದ ಯಾರಿಗೂ ಕಾಣಿಸುವುದಿಲ್ಲ.

ಇದನ್ನು ಕಂಡವರು ಇರಲಿಲ್ಲ ಎಂದಲ್ಲ. 1984ರಲ್ಲಿ ಸರಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿ, ಹಳ್ಳಿಗರು ದನ ಮೇಯಿಸುತ್ತಿದ್ದ ಸಾವಿರಾರು ಹೆಕ್ಟೇರನ್ನು ‘ಸಿ’ ಮತ್ತು ‘ಡಿ’ ದರ್ಜೆಯ ಭೂಮಿ ಎಂಬ ಹೆಸರಿನಲ್ಲಿ ಅದಕ್ಕೆ ಕೊಡಲು ಹೊರಟಾಗ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎದ್ದು ನಿಂತಿತು. ಎಸ್. ಆರ್. ಹಿರೇಮಠರ ಜೊತೆ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದದ್ದು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ. ನೀಲಗಿರಿ ಸಸಿ ಕಿತ್ತು, ಆ ಗುಂಡಿಗಳಲ್ಲೇ ಜನಕ್ಕೂ ದನಕ್ಕೂ ಉಪಯೋಗದ ಸಸಿ ಹಚ್ಚಿದರು. ನಮ್ಮ ಚಳವಳಿಗಳ ಚರಿತ್ರೆಯಲ್ಲಿ ಇಷ್ಟು ಚೊಕ್ಕ ಹೆಸರಿನದು ಇನ್ನೊಂದಿಲ್ಲ. ಕಿತ್ತದ್ದು ಎಷ್ಟು, ಹಚ್ಚಿದ್ದು ಎಷ್ಟು, ಎರಡೂ ಕಲಮುಗಳು ಹೆಸರಿನಲ್ಲೇ ಇವೆ. ಆ ಕಂಪನಿ 1991ರಲ್ಲಿ ಬಾಗಿಲು ಹಾಕಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರಕಾರ ನಿಷೇಧಿಸಿದ್ದು 2017ರಲ್ಲಿ, ಕುಸನೂರಿನ ಮೂವತ್ತು ವರ್ಷದ ನಂತರ. ಅದೂ ಅಂತರ್ಜಲದ ಕಾರಣಕ್ಕೆ. ಮೇವಿನ ಕಾರಣಕ್ಕೆ ಯಾರೂ ಏನನ್ನೂ ನಿಷೇಧಿಸಿದ್ದು ನಾನು ಕಾಣೆ. ಮಲೆನಾಡು, ಕರಾವಳಿಯಲ್ಲಿ ಆ ಕೆಲಸವನ್ನು ಅಕೇಶಿಯಾ ವಹಿಸಿಕೊಂಡಿತು. ಅದನ್ನೂ ದನ ಮೂಸುವುದಿಲ್ಲ.

ಈಗ ನಾನಿರುವ ದೇಶದ ಮಾತು. ನೀಲಗಿರಿಯ ತವರು ಇದು. ಇಲ್ಲಿಯ ದನ ಸಾಕಣೆಗಾರ ತನ್ನ ದನಕ್ಕೆಂದು ಏನು ನೆಡುತ್ತಾನೆ? ನೀಲಗಿರಿಯನ್ನಂತೂ ಅಲ್ಲ. ಬಿಲೋಯೆಲಾ, ರಾಕ್‌ಹ್ಯಾಂಪ್ಟನ್ ಕಡೆ ಅವನು ನೆಡುವುದು ಲ್ಯೂಸೀನಾ, ನಮ್ಮ ಸುಬಾಬುಲ್. ಹತ್ತು ಮೀಟರಿನಷ್ಟು ಅಂತರ ಬಿಟ್ಟು ಜೋಡಿ ಸಾಲು, ನಡುವೆ ಹುಲ್ಲು. ನನ್ನ ಗ್ರಾಹಕರಲ್ಲಿ ಕೆಲವರ ಪುಸ್ತಕದಲ್ಲಿ ಇದನ್ನು ವರ್ಷಗಳ ಕಾಲ ನೋಡಿದ್ದೇನೆ. ಮೊದಲ ವರ್ಷ ಉಳುಮೆ, ಬೀಜ, ಕಳೆನಾಶಕ. ದನ ಬಿಡುವಂತಿಲ್ಲ, ಆದಾಯ ಸೊನ್ನೆ. ಆಮೇಲೆ ಮೂವತ್ತು ವರ್ಷ ಸಾಲು ಹಾಗೇ ನಿಂತಿರುತ್ತದೆ. ಹುಲ್ಲು ಮಾತ್ರ ಮೇಯುವ ಹೋರಿಗಿಂತ ಹುಲ್ಲು ಮತ್ತು ಲ್ಯೂಸೀನಾ ಮೇಯುವ ಹೋರಿ ಬೇಗ ತೂಕಕ್ಕೆ ಬರುತ್ತದೆ. ಆ ವ್ಯತ್ಯಾಸ ಮಾರಾಟದ ಬಿಲ್ಲಿನಲ್ಲಿ ಕಾಣುತ್ತದೆ, ತೆರಿಗೆ ಕಟ್ಟುವಾಗ ಅವರ ಮುಖದಲ್ಲೂ ಕಾಣುತ್ತದೆ.

‘ಸುಬಾಬುಲ್ ತಿಂದರೆ ದನದ ಕೂದಲು ಉದುರುತ್ತದೆ’ ಎಂದು ನಮ್ಮ ಕಡೆ ಹೇಳುತ್ತಾರೆ. ಸುಳ್ಳಲ್ಲ. ಆ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷವಿದೆ. ಹೆಚ್ಚು ತಿಂದ ದನಕ್ಕೆ ಕೂದಲು ಉದುರುತ್ತದೆ, ಗಳಗಂಡ ಬರುತ್ತದೆ. ಆಸ್ಟ್ರೇಲಿಯದಲ್ಲೂ ಹಾಗೇ ಆಗುತ್ತಿತ್ತು. ಸಿ.ಎಸ್.ಐ.ಆರ್.ಓ. ಸಂಸ್ಥೆಯ ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೇಕೆಗಳು ಅದೇ ಸೊಪ್ಪು ತಿಂದು ಆರಾಮಾಗಿರುವುದನ್ನು ಗಮನಿಸಿದರು. ಗುಟ್ಟು ಮೇಕೆಯ ಹೊಟ್ಟೆಯಲ್ಲಿತ್ತು. ಆ ವಿಷವನ್ನು ಮುರಿಯುವ ಬ್ಯಾಕ್ಟೀರಿಯಾ ಅಲ್ಲಿದ್ದವು. 1980ರ ದಶಕದ ಆರಂಭದಲ್ಲಿ ಅಲ್ಲಿನ ಮೇಕೆಯ ಹೊಟ್ಟೆಯ ದ್ರವ ತಂದು ಇಲ್ಲಿನ ದನಕ್ಕೆ ಕುಡಿಸಿದರು. ಹಿಂಡಿನ ಕೆಲವಕ್ಕೆ ಕುಡಿಸಿದರೆ ಸಾಕು, ಮಿಕ್ಕವಕ್ಕೆ ತಾನೇ ಹರಡಿತು. ಆ ಬ್ಯಾಕ್ಟೀರಿಯಾಕ್ಕೆ ಅವರ ಹೆಸರನ್ನೇ ಇಟ್ಟು ಸಿನರ್ಜಿಸ್ಟೀಸ್ ಜೋನ್ಸಿಯೈ ಎಂದರು. ಕ್ವೀನ್ಸ್‌ಲ್ಯಾಂಡ್ ಸರಕಾರದ ಕೃಷಿ ಇಲಾಖೆ ಆ ದ್ರವವನ್ನು ತಯಾರಿಸಿ ದನ ಸಾಕುವವರಿಗೆ ಮಾರುತ್ತ ಬಂದಿದೆ. ಗಮನಿಸಿ: ಮರ ಒಳ್ಳೆಯದು ಎಂದಾದ ಮೇಲೆ ಅದನ್ನು ದನ ತಿನ್ನುವಂತೆ ಮಾಡಲು ಒಂದು ದೇಶ ಹವಾಯಿಗೆ ಹೋಗಿ ಬಂತು. ನಾವು ದನ ತಿನ್ನದ ಮರ ಹುಡುಕಲು ಆಸ್ಟ್ರೇಲಿಯಕ್ಕೆ ಹೋಗಿ ಬಂದೆವು.

ಇನ್ನೊಂದು ಉದಾಹರಣೆ. ನೈರುತ್ಯ ಕ್ವೀನ್ಸ್‌ಲ್ಯಾಂಡಿನ ಚಾರ್ಲ್ವಿಲ್, ಕನಮಲ್ಲಾ ಸೀಮೆಯಲ್ಲಿ ಮಲ್ಗಾ ಎಂಬ ಮರವಿದೆ. ನಮ್ಮ ಜಾಲಿಯ ದಾಯಾದಿ. ಬರ ಬಂದಾಗ ಅಲ್ಲಿಯವರು ಅದನ್ನು ಕಡಿದು ಇಲ್ಲವೆ ಉರುಳಿಸಿ ದನ, ಕುರಿಗೆ ತಿನ್ನಿಸುತ್ತಾರೆ. ಅದರಲ್ಲಿ ಟ್ಯಾನಿನ್ ಹೆಚ್ಚು, ರಂಜಕ ಕಡಿಮೆ, ಪೂರಕ ಕೊಡಬೇಕು. ಜೀವ ಉಳಿಯುತ್ತದೆ. ಈ ರಾಜ್ಯದಲ್ಲಿ ಮರ ಕಡಿಯುವುದರ ಮೇಲೆ 1999ರ ಕಾಯಿದೆಯಿದೆ. ಆ ಕಾಯಿದೆಯ ಕೆಳಗೆ ಮೇವಿಗಾಗಿ ಮರ ಕಡಿಯುವುದಕ್ಕೆಂದೇ ಪ್ರತ್ಯೇಕ ನಿಯಮಾವಳಿಯಿದೆ! ಮುಂಚೆ ತಿಳಿಸಬೇಕು, ದನಕ್ಕೆ ಬೇಕಾದಷ್ಟೇ ಕಡಿಯಬೇಕು, ಪಟ್ಟೆ ಪಟ್ಟೆಯಾಗಿ ಬಿಟ್ಟು ಕಡಿಯಬೇಕು ಎಂದೆಲ್ಲ. ಈ ನಿಯಮಗಳನ್ನು ಎಲ್ಲರೂ ಪಾಲಿಸುತ್ತಾರೆ ಎಂದು ನಾನು ಹೇಳುವುದಿಲ್ಲ. ಕಾಡು ಬೋಳಿಸುವುದರಲ್ಲಿ ಕ್ವೀನ್ಸ್‌ಲ್ಯಾಂಡಿನ ಹೆಸರು ಕೆಟ್ಟದಾಗಿಯೇ ಇದೆ, ಲ್ಯೂಸೀನಾ ಹೊಳೆದಂಡೆಗೆ ಹಬ್ಬಿ ಕಳೆಯಾದದ್ದೂ ಉಂಟು. ನಾನು ಹೇಳುವುದು ಒಂದೇ. ಇಲ್ಲಿ ಸೊಪ್ಪು ಮೇವು ಎಂಬುದನ್ನು ಕಾನೂನು ಒಪ್ಪಿಕೊಂಡಿದೆ. ಒಪ್ಪಿಕೊಂಡದ್ದಕ್ಕೇ ಅದಕ್ಕೆ ಮಿತಿಯನ್ನೂ ಹಾಕಲು ಸಾಧ್ಯವಾಗಿದೆ.

ನಮ್ಮಲ್ಲಿ? ಭೂಕಂದಾಯ ನಿಯಮಗಳಲ್ಲಿ ಗೋಮಾಳಕ್ಕೆ ನೂರು ದನಕ್ಕೆ 12 ಹೆಕ್ಟೇರ್ ಎಂಬ ಅಳತೆಯಿದೆ, ಅಂದರೆ 30 ಎಕರೆ. ಅದನ್ನು ತಗ್ಗಿಸುವ ಅವಕಾಶವೂ ಅಲ್ಲೇ ಪಕ್ಕದಲ್ಲಿದೆ. ಯಾವುದು ಹೆಚ್ಚು ಬಳಕೆಯಾಗಿದೆ ಎಂದು ಹೇಳಬೇಕಾಗಿಲ್ಲ. ಚಳ್ಳಕೆರೆಯ ಹತ್ತಿರ ಸುಮಾರು 10,000 ಎಕರೆ ಅಮೃತಮಹಲ್ ಕಾವಲನ್ನು ಅಣುಶಕ್ತಿ, ರಕ್ಷಣೆ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹಂಚಿದಾಗ ಕಾಗದದಲ್ಲಿ ಅದು ಖಾಲಿ ಜಾಗ. ಉತ್ತರ ಕನ್ನಡ, ಶಿವಮೊಗ್ಗದ ಸೊಪ್ಪಿನ ಬೆಟ್ಟ ನೋಡಿ. ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ಬೇಕೆಂದು ಎಕರೆ ತೋಟಕ್ಕೆ ಹಲವು ಎಕರೆ ಕಾಡಿನ ಸೊಪ್ಪಿನ ಹಕ್ಕನ್ನು ಬ್ರಿಟಿಷರ ಕಾಲದಲ್ಲೇ ಬರೆದುಕೊಟ್ಟರು. ಒಳ್ಳೆಯದೇ ಆಯಿತು. ಆದರೆ ಅಡಿಕೆ ತೋಟವಿದ್ದವರಿಗೆ ಸೊಪ್ಪಿನ ಹಕ್ಕು ಕಾಗದದಲ್ಲಿದೆ, ಹತ್ತು ಮೇಕೆ ಇದ್ದವಳಿಗೆ ಇಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಮೇಯಿಸುವ ಹಕ್ಕಿನ ಮಾತು ಇದೆ ನಿಜ. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದೇವೆಂದು ಸಾಬೀತು ಮಾಡಬೇಕು. ಕುರಿ ಹೊಡೆದುಕೊಂಡು ಊರೂರು ತಿರುಗಿದವನ ತಾತ ಯಾವ ಕಾಗದ ಇಟ್ಟಿರುತ್ತಾನೆ?

ತೆರಿಗೆಯ ಒಂದು ತಮಾಷೆ ಇಲ್ಲಿ ಹೇಳಿಬಿಡುತ್ತೇನೆ, ವೃತ್ತಿಯ ಚಪಲ. ಭೂಮಿ ಉತ್ತು ನೀಲಗಿರಿ ಬೆಳೆದು ಮಾರಿದರೆ ಅದು ಕೃಷಿ ಆದಾಯ, ಆದಾಯ ತೆರಿಗೆ ಇಲ್ಲ. ಅದೇ ಭೂಮಿಯಲ್ಲಿ ಮೇಕೆ ಸಾಕಿ ಮಾರಿದರೆ ಅದು ಕೃಷಿ ಆದಾಯವೇ ಅಲ್ಲ! ಮೇಕೆ ಸಾಕುವವಳ ಆದಾಯ ತೆರಿಗೆಯ ಮಿತಿಗೆ ತಲುಪುವುದಿಲ್ಲವಾದ್ದರಿಂದ ಅವಳಿಗೆ ಇದು ತಟ್ಟುವುದಿಲ್ಲ. ಕಾನೂನಿನ ಕಣ್ಣು ಯಾವ ಕಡೆ ತಿರುಗಿದೆ ಎಂಬುದು ಮಾತ್ರ ತಿಳಿಯುತ್ತದೆ.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತವು. ಘೋರ. ಮರು ತಿಂಗಳು ಕಾಡಿನಲ್ಲಿ ದನ, ಕುರಿ, ಮೇಕೆ ಮೇಯಿಸುವುದನ್ನು ತಡೆಯಿರಿ ಎಂದು ಅರಣ್ಯ ಸಚಿವರು ಸೂಚನೆ ಕೊಟ್ಟರು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹುಲಿಯ ಕಾಡಿನಲ್ಲಿ ಹಿಂಡು ಹಿಂಡು ದನ ಇರಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. 2019ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿ, 61 ಲಕ್ಷಕ್ಕೂ ಹೆಚ್ಚು ಮೇಕೆ ಇವೆ. ಕಾಡಿಗೆ ಹೋಗಬೇಡಿ ಎಂದಾದರೆ ಊರ ಮುಂದಿನ ಗೋಮಾಳಕ್ಕೆ ಬರಬೇಕು. ಅಲ್ಲಿ ಏನಿದೆ? ಒಂದೋ ಲೇಔಟು, ಇಲ್ಲವೇ ಕಲ್ಲುಕ್ವಾರಿ, ಇಲ್ಲವೇ ನಾವು ನೆಟ್ಟ ದನ ತಿನ್ನದ ಮರ, ಅದರ ಬುಡದಲ್ಲಿ ಲಂಟಾನ. ಲಂಟಾನ ತಿಂದ ದನ ಬಿಸಿಲಿಗೆ ಹೋದರೆ ಚರ್ಮ ಬಿರಿಯುತ್ತದೆ.

ಮೇಕೆ ಕಾಡಿನ ಶತ್ರು ಎನ್ನುವವರಿಗೆ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ಮೇಕೆ ಎಳೆಯ ಸಸಿಯ ಕುಡಿ ಕಚ್ಚುತ್ತದೆ. ಬೇಲಿಯಿಲ್ಲದ ಕಡೆ ಹೊಸ ಗಿಡ ಮೇಲೇಳಲು ಬಿಡುವುದಿಲ್ಲ. ಈ ಮಾತಿನಲ್ಲಿ ವಾದವಿಲ್ಲ. ಆದರೆ ಎರಡಾಳು ಎತ್ತರಕ್ಕೆ ಬೆಳೆದ ಬೇವನ್ನು, ಕಮರವನ್ನು, ದಿಂಡಿಗವನ್ನು ಮೇಕೆ ಏನೂ ಮಾಡಲಾರದು. ಕುಡುಗೋಲು ಹಿಡಿದವರು ಮಾಡಬಲ್ಲರು, ಅವರಿಗೆ ಯಾವ ಕೊಂಬೆ ಬಿಡಬೇಕೆಂದೂ ಗೊತ್ತು. ಬರುವ ಬೇಸಗೆಗೂ ಅದೇ ಮರ ಬೇಕಲ್ಲ. ಮರ ಹಾಳಾಗುವುದು ಅದು ಯಾರದೂ ಅಲ್ಲ ಎಂದಾದಾಗ. ಇವತ್ತು ನಾನು ಬಿಟ್ಟ ಕೊಂಬೆಯನ್ನು ನಾಳೆ ಗುತ್ತಿಗೆದಾರ ಕಡಿದೊಯ್ಯುತ್ತಾನೆ ಎಂದು ಗೊತ್ತಿದ್ದರೆ ನಾನೂ ಬೋಳು ಮಾಡಿಯೇ ಬರುತ್ತೇನೆ. ನಮ್ಮ ಬ್ಯಾಲೆನ್ಸ್ ಶೀಟಿನ ಭಾಷೆಯಲ್ಲಿ, ಒಡೆತನ ಯಾರಿಗೂ ಇಲ್ಲದ ಆಸ್ತಿಗೆ ಸವಕಳಿ ಹೆಚ್ಚು. ಅದಕ್ಕೆ ಮೇಕೆಯನ್ನು ಬೈದು ಫಲವಿಲ್ಲ.

ನಾನು ಇಲ್ಲಿನ ಒಂದು ಕನ್ನಡ ಸಂಘದಲ್ಲಿ ಖಜಾಂಚಿಯಾಗಿದ್ದಾಗ ಒಂದು ಪ್ರಸ್ತಾವ ಬಂತು. ನಮ್ಮ ಸೀಮೆಯದೇ ಒಂದು ಹಳ್ಳಿಯ ಗೋಮಾಳದಲ್ಲಿ 5,000 ಗಿಡ. ಸುಂದರವಾದ ಕಡತ, ಬಣ್ಣದ ನಕ್ಷೆ, ಡ್ರೋನ್ ಚಿತ್ರ, ದಾನಿಗಳ ಹೆಸರಿನ ಕಲ್ಲಿಗೂ ಒಂದು ಅಂದಾಜು ವೆಚ್ಚ. ಸಿಲ್ವರ್ ಓಕ್, ಹೊಂಗೆ, ಗುಲ್‌ಮೊಹರ್, ಟಬೆಬುಯಾ. ಪಕ್ಕದಲ್ಲಿ ಷರಾ: ‘ಜಾನುವಾರು ಹಾವಳಿ ಇಲ್ಲದ ತಳಿಗಳು’. ಸುತ್ತ ದನ ದಾಟದ ಕಂದಕ. ಈ ಗೋಮಾಳದಲ್ಲಿ ಈಗ ಯಾರು ಮೇಯಿಸುತ್ತಿದ್ದಾರೆ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಕಡತದ ನಲವತ್ತು ಪುಟದಲ್ಲಿ ಮೇಕೆ ಎಂಬ ಪದವಿರಲಿಲ್ಲ, ‘ಹಾವಳಿ’ ಇತ್ತು. ಆ ಊರಿಗೆ ನಮ್ಮ ಸೋದರತ್ತೆಯನ್ನು ಕೊಟ್ಟಿದೆ. ಫೋನ್ ಮಾಡಿ ವಿಚಾರಿಸಿದೆ. ಮೂವತ್ತಕ್ಕೂ ಹೆಚ್ಚು ಮನೆಯ ಮೇಕೆ ಅಲ್ಲೇ ಮೇಯುತ್ತಿದ್ದವು, ಅತ್ತೆಯದೂ ಸೇರಿ. ಅರ್ಧ ಜಾಗ ಬಿಡಿ, ಮೇವಿನ ಮರ ಸೇರಿಸಿ, ಆ ಮನೆಗಳ ಹೆಂಗಸರನ್ನು ಒಮ್ಮೆ ಕೇಳಿ ಎಂದು ಸಭೆಯಲ್ಲಿ ಹೇಳಿದೆ. ‘ಇವರು ಅಕೌಂಟೆಂಟು, ಎಲ್ಲದಕ್ಕೂ ಕೊಕ್ಕೆ’ ಎಂದು ಒಬ್ಬರು ನಕ್ಕರು. ಪರಿಸರದ ಕೆಲಸಕ್ಕೆ ಅಡ್ಡಗಾಲು ಎಂದು ಇನ್ನೊಬ್ಬರು. ಏಳಕ್ಕೆ ನಾಲ್ಕು ಮತದಿಂದ ಪ್ರಸ್ತಾವ ಪಾಸಾಯಿತು. ಕಂದಕ ತೋಡಿದರು. ಅತ್ತೆ ಆ ಬೇಸಗೆಯಲ್ಲೇ ಎರಡು ಬಿಟ್ಟು ಉಳಿದ ಮೇಕೆ ಮಾರಿದರು. ಎಲ್ಲರೂ ಒಟ್ಟಿಗೆ ಮಾರಿದ್ದರಿಂದ ಸಂತೆಯಲ್ಲಿ ಕೇಳಿದ ಬೆಲೆಗೆ ಕೊಡಬೇಕಾಯಿತು. ಮುಂದಿನ ಸಲ ಊರಿಗೆ ಹೋದಾಗ ಕೇಳಿದೆ, ಗಿಡ ಹೇಗಿವೆ ಅತ್ತೆ ಎಂದು. “ಮರ ಬಂದ್ವು ಕಣಪ್ಪ, ಸೊಪ್ಪು ಹೋಯ್ತು” ಎಂದರು. ಅಷ್ಟೇ. ಕಾಫಿ ಕೊಟ್ಟರು.

ಸಂಘದ ವಾರ್ಷಿಕ ವರದಿಯಲ್ಲಿ ಆ 5,000 ಗಿಡಗಳ ಫೋಟೋ ಇದೆ. ಗಿಡವೊಂದಕ್ಕೆ ತಗುಲಿದ ವೆಚ್ಚವೂ ಇದೆ, ನಾನೇ ಹಾಕಿದ ಲೆಕ್ಕ, ಪೈಸೆ ತಪ್ಪಿಲ್ಲ. ಮೂವತ್ತು ಮನೆಗಳಿಗೆ ವರ್ಷಕ್ಕೆ ಎಷ್ಟು ಟನ್ ಸೊಪ್ಪು ನಿಂತುಹೋಯಿತು ಎಂಬುದಕ್ಕೆ ಆ ನಮೂನೆಯಲ್ಲಿ ಕಲಮು ಇರಲಿಲ್ಲ. ನಾನು ಹೊಸ ಕಲಮು ಸೇರಿಸಿ ಕಳಿಸಿದೆ. ಅಚ್ಚಾಗುವಾಗ ‘ಜಾಗ ಸಾಲದೆ’ ಅದನ್ನು ತೆಗೆದರು.

ಹೊರದೇಶದ ಕನ್ನಡಿಗರಿಗೆ ಊರಿನ ಮೇಲಿನ ಪ್ರೀತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ನಮ್ಮ ಪ್ರೀತಿಗೆ ಒಂದು ಗೀಳು ಹತ್ತಿಕೊಂಡಿದೆ: ಊರು ನೋಡಲು ಚೆನ್ನಾಗಿರಬೇಕು. ಎರಡು ವರ್ಷಕ್ಕೊಮ್ಮೆ ಹದಿನೈದು ದಿನ ಹೋಗುವವರಿಗೆ ಮರ ಎಂದರೆ ನೆರಳು, ಹೂವು, ಫೋಟೋ. ಅಲ್ಲೇ ಇರುವವರಿಗೆ ಮರ ಎಂದರೆ ಮೇವು, ಸೌದೆ, ಹಣ್ಣು, ಮದ್ದು, ಆಮೇಲೆ ನೆರಳು. ಟಬೆಬುಯಾ ಗುಲಾಬಿ ಹೂ ಬಿಟ್ಟಾಗ ಬೆಂಗಳೂರಿನ ರಸ್ತೆಗೆ ಚೆಂದವೇ. ಶಿರಾದ ಗೋಮಾಳದಲ್ಲಿ ಅದನ್ನು ನೋಡಲು ಯಾರು ಬರಬೇಕು?

ಇನ್ನು ಪಿತ್ರಾರ್ಜಿತ ಜಮೀನಿನ ವಿಷಯ. ಅನಿವಾಸಿಗಳಾದ ನಾವು ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಭಾರತದಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ; ಅಪ್ಪನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಹಾಗೆ ಬಂದ ಎರಡು ಮೂರು ಎಕರೆಯನ್ನು ಏನು ಮಾಡುವುದು ಎಂದು ನನ್ನನ್ನು ಕೇಳುವವರು ಬಹಳ. ಹೆಚ್ಚಿನವರು ಸುತ್ತ ತಂತಿ ಎಳೆಸಿ, ಒಳಗೆ ಯಾವ ಆರೈಕೆಯೂ ಬೇಡದ ಮರ ನೆಡಿಸಿ, ಬೀಗ ಹಾಕಿ ಬರುತ್ತಾರೆ. ಬದುವಿನ ಮೇಲಿದ್ದ ಜಾಲಿ, ಎಲಚಿ, ಅತ್ತಿಯನ್ನು ಜೆ.ಸಿ.ಬಿ. ಮೊದಲ ದಿನವೇ ಕಿತ್ತೆಸೆದಿರುತ್ತದೆ. ನಿಮ್ಮ ಜಮೀನು, ನಿಮ್ಮಿಷ್ಟ; ಗೋಮಾಳದ ವಿಷಯದಲ್ಲಿ ಮಾಡಿದ ಆರೋಪವನ್ನು ಇಲ್ಲಿ ಮಾಡಲಾರೆ. ಆದರೂ ತಂತಿ ಬೇಲಿಯ ಗುತ್ತಿಗೆದಾರನಿಗೆ ಹಣ ಕೊಡುವ ಮುಂಚೆ ಒಂದು ಮಾತು.

ತಂತಿಯ ಒಳಗೆ ಎರಡಡಿಗೊಂದು ಗ್ಲಿರಿಸಿಡಿಯಾ ಕಡ್ಡಿ ನೆಡಿಸಿ. ಕಡ್ಡಿ ಪುಕ್ಕಟೆ, ಮಳೆ ಬಿದ್ದ ವಾರವೇ ನೆಟ್ಟರೆ ಚಿಗುರುತ್ತದೆ. ಮೊದಮೊದಲು ಮೇಕೆ ಅದರ ವಾಸನೆಗೆ ಮುಖ ತಿರುಗಿಸಬಹುದು. ಬಾಡಿಸಿ ಹಾಕಿದರೆ ತಿನ್ನುತ್ತದೆ, ರೂಢಿಯಾದ ಮೇಲೆ ಹುಡುಕಿಕೊಂಡು ಬರುತ್ತದೆ. ನೀರಿರುವ ಕಡೆ ಅಗಸೆ, ಮಲೆನಾಡಾದರೆ ಹಾಲುವಾಣ. ಸುಬಾಬುಲ್ ನೆಟ್ಟರೆ ಕಾಯಿ ಬಲಿಯುವ ಮುಂಚೆ ಕಡಿಯುತ್ತಿರಬೇಕು, ಇಲ್ಲದಿದ್ದರೆ ಪಕ್ಕದವರ ಹೊಲಕ್ಕೂ ಅದೇ. ಬೇರೆ ಮೇವಿನ ಜೊತೆ ಬೆರೆಸಿಯೇ ಹಾಕಬೇಕು. ಇರುವ ಬೇವು, ಜಾಲಿಯನ್ನು ಜೆ.ಸಿ.ಬಿ.ಯವನಿಗೆ ಮುಟ್ಟಬೇಡವೆಂದು ಹೇಳಿ; ಅವನಿಗೆ ಫೋನಿನಲ್ಲಿ ಹೇಳಿದರೆ ಸಾಲದು, ಮರಕ್ಕೆ ಸುಣ್ಣ ಬಳಿಸಿ. ಮೊದಲ ಎರಡು ವರ್ಷ ಮೇಕೆ ಒಳಗೆ ಬಿಡಬೇಡಿ, ಅದರಲ್ಲಿ ದಾಕ್ಷಿಣ್ಯ ಬೇಡ. ಮೂರನೆಯ ಬೇಸಗೆಯಲ್ಲಿ ಪಕ್ಕದ ಹಟ್ಟಿಯವರು ಕುಡುಗೋಲು ಕಟ್ಟಿದ ಗಳು ಹಿಡಿದು ಬಂದರೆ ಬೀಗ ತೆಗೆಯುವಂತೆ ಜಮೀನು ನೋಡಿಕೊಳ್ಳುವವನಿಗೆ ಈಗಲೇ ಹೇಳಿಡಿ, ಬೀಗದ ಕೈ ಒಂದನ್ನು ಊರಿನಲ್ಲೇ ಬಿಟ್ಟು ಬನ್ನಿ.